ಆನ್‌ಲೈನ್ ಮಾಧ್ಯಮ ಅಧ್ಯಯನ: ಹಣ ಕಟ್ಟುವ ಮುನ್ನ ಇದನ್ನು ಓದಿ

ಆನ್‌ಲೈನ್‌ನಲ್ಲಿ ಮಾಧ್ಯಮ ಅಧ್ಯಯನದ ಸ್ನಾತಕೋತ್ತರ ಪದವಿ ಮಾಡಲು ಹೊರಟಿರುವವರು, ಕೌನ್ಸೆಲರ್‌ಗಳು ಫೋನಿನಲ್ಲಿ ಹೇಳುವ ‘ಯುಜಿಸಿ ಅಪ್ರೂವ್ಡ್’ (ವಿಶ್ವವಿದ್ಯಾಲಯ ಅನುದಾನ ಆಯೋಗದ ಒಪ್ಪಿಗೆ ಇದೆ) ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕೆಲಸ ಬಿಡದೆ ಓದಬಹುದೆಂದು ನಾನು ಕಳೆದ ವರ್ಷ ಒಂದು ಖಾಸಗಿ ಸಂಸ್ಥೆಯ ಮೂಲಕ ಅಂಥ ಕೋರ್ಸಿಗೆ ಸೇರಿದೆ. ವಾರಾಂತ್ಯದಲ್ಲಿ ನೇರ ತರಗತಿ, ಕನ್ನಡದಲ್ಲಿ ಪರೀಕ್ಷೆ, ಟಿ.ವಿ. ವಾಹಿನಿಯಲ್ಲಿ ಇಂಟರ್ನ್‌ಶಿಪ್ ಎಂದೆಲ್ಲ ಹೇಳಿದ್ದರು. ‘ಇವತ್ತೇ ಸೀಟ್ ಬ್ಲಾಕ್ ಮಾಡಿ ಮೇಡಂ’ ಎಂಬ ಮಾಮೂಲು ಅವಸರವೂ ಇತ್ತು.

ಬಣ್ಣ ಬಯಲಾದದ್ದು ಮಾಧ್ಯಮ ಕಾನೂನಿನ ಪಾಠದಲ್ಲಿ. ಪರದೆಯ ಮೂಲೆಯಲ್ಲಿ ‘ಲೈವ್’ ಎಂಬ ಕೆಂಪಕ್ಷರ ಮಿನುಗುತ್ತಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಪ್ರಕಾರ ಫೇಸ್‌ಬುಕ್ ಬರಹಕ್ಕೆ ಮೂರು ವರ್ಷದವರೆಗೆ ಜೈಲಾಗಬಹುದು, ಹುಷಾರಾಗಿರಿ ಎಂದು ಉಪನ್ಯಾಸಕರು ಎಚ್ಚರಿಸುತ್ತಿದ್ದರು. ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ರದ್ದುಪಡಿಸಿದೆಯಲ್ಲ ಎಂದು ಚಾಟ್‌ನಲ್ಲಿ ಕೇಳಿದೆ. ‘ಗುಡ್ ಕ್ವೆಶ್ಚನ್ ಮೇಡಂ, ಸರ್ ಕೊನೆಯಲ್ಲಿ ಹೇಳ್ತಾರೆ’ ಎಂಬ ಉತ್ತರ ಬಂತು. ಸರ್ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಅದು ಆ ತೀರ್ಪಿಗೂ ಹಿಂದಿನ ರೆಕಾರ್ಡಿಂಗ್! ಅಷ್ಟು ದಿನವೂ ನಾವೆಲ್ಲ ಒಂದು ಹಳೆಯ ವಿಡಿಯೊಗೆ ‘ನಮಸ್ಕಾರ ಸರ್’ ಎಂದು ಟೈಪ್ ಮಾಡುತ್ತಿದ್ದೆವು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ದೂರಿಗೆ ಬಂದ ಉತ್ತರ ಇನ್ನೂ ಚೆನ್ನಾಗಿತ್ತು: ‘ಥಿಯರಿ ಎಲ್ಲಾ ಒಂದೇ ಮೇಡಂ, ಅದು ಚೇಂಜ್ ಆಗಲ್ಲ.’ ಕಾನೂನು ಬದಲಾಗುವುದಿಲ್ಲವೇ? 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ ಹೋಗಿ, 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. ಇವರ ನೋಟ್ಸಿನಲ್ಲಿ ಮಾತ್ರ 1867ರದ್ದೇ ನಡೆಯುತ್ತಿದೆ. ಇಂಟರ್ನ್‌ಶಿಪ್ ಕೇಳಿದರೆ ‘ನಾವು ಅಸಿಸ್ಟೆನ್ಸ್ ಅಂತ ಹೇಳಿದ್ದು, ಗ್ಯಾರಂಟಿ ಅಂತ ಹೇಳಿಲ್ಲ’ ಎಂದರು.

ಆಮೇಲೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣ ನೋಡಿದರೆ, ವಿಶ್ವವಿದ್ಯಾಲಯದ ಹೆಸರಿದೆ, ಆನ್‌ಲೈನ್ ಕೋರ್ಸುಗಳ ಪಟ್ಟಿಯಲ್ಲಿ ನಾನು ಸೇರಿದ ಕೋರ್ಸ್ ಇಲ್ಲ. ಕೇಳಿದ್ದಕ್ಕೆ ‘ಯೂನಿವರ್ಸಿಟಿ ಯುಜಿಸಿ ಲಿಸ್ಟಲ್ಲಿದೆ ನೋಡಿ ಮೇಡಂ’ ಎಂದರು. ಮತ್ತೆ ಕೇಳಿದೆ, ಮತ್ತೆ ಅದೇ ವಾಕ್ಯ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರುವುದು ಬೇರೆ, ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸುವ ಹಕ್ಕು ಇರುವುದು ಬೇರೆ ಎಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ.

ಶುಲ್ಕ ವಾಪಸ್ ಕೇಳಿದಾಗಲೇ ಇನ್ನೊಂದು ವಿಷಯ ಗೊತ್ತಾಯಿತು. ಅವರು ‘ಬಡ್ಡಿಯಿಲ್ಲದ ಕಂತು’ ಎಂದು ಒಟಿಪಿ ಪಡೆದದ್ದು, ನನ್ನ ಹೆಸರಿನಲ್ಲಿ ಒಂದು ಹಣಕಾಸು ಕಂಪನಿಯಿಂದ ಎತ್ತಿಸಿದ ಸಾಲ. ‘ಲೋನ್ ವಿಷಯ ಅವರನ್ನೇ ಕೇಳಿ’ ಎಂದು ಸಂಸ್ಥೆ, ‘ಕೋರ್ಸ್ ವಿಷಯ ಅವರನ್ನೇ ಕೇಳಿ’ ಎಂದು ಕಂಪನಿ. ತರಗತಿ ಬಿಟ್ಟಿದ್ದೇನೆ, ಕಂತು ಮಾತ್ರ ಪ್ರತಿ ತಿಂಗಳೂ ಕಡಿತವಾಗುತ್ತಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಸೇರುವವರು ಬ್ಯೂರೋದ ಪಟ್ಟಿಯಲ್ಲಿ ಕೋರ್ಸಿನ ಹೆಸರನ್ನೂ ಶೈಕ್ಷಣಿಕ ವರ್ಷವನ್ನೂ ನೀವೇ ನೋಡಿ. ಆನ್‌ಲೈನ್ ಪದವಿಗೆ 2024-25ರಿಂದ ಡಿಇಬಿ ಐಡಿ, ಅಂದರೆ ಈ ಬ್ಯೂರೋದ ಜಾಲತಾಣದಲ್ಲಿ ವಿದ್ಯಾರ್ಥಿ ಪಡೆಯುವ ಗುರುತಿನ ಸಂಖ್ಯೆ, ಕಡ್ಡಾಯ; ಅದನ್ನು ಕೇಳದೆ ಬರೀ ಒಟಿಪಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಕಟ್ಟುವ ಮೊದಲು ಒಂದು ‘ಲೈವ್’ ತರಗತಿಗೆ ಕೂತು, ಉಪನ್ಯಾಸಕರಿಂದ ನಿಮ್ಮ ಹೆಸರು ಕರೆಸಿ ನೋಡಿ.