ರೋಟಾಕ್ಸ್ 912ಕ್ಕೆ ಯಾವ ಇಂಧನ? ಬಂಕಿನ ಪೆಟ್ರೋಲ್, 100ಎಲ್‌ಎಲ್, ಯುಎಲ್94: ಮೂರನ್ನೂ ಸುಟ್ಟು ನೋಡಿದ ಮೇಲೆ

ಗ್ಯಾರೇಜಿನಲ್ಲಿ ನಾನೇ ಕಟ್ಟಿದ ವಿಮಾನ ಜೆನಿತ್ ಸಿಎಚ್ 750. ಎರಡು ಸೀಟು, ಎರಡು ರೆಕ್ಕೆಗಳಲ್ಲೂ ಒಂದೊಂದು ಅಲ್ಯುಮಿನಿಯಂ ಟ್ಯಾಂಕು, ಮೂತಿಯಲ್ಲಿ 100 ಅಶ್ವಶಕ್ತಿಯ ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್. ಅದರ ನೆಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸೀಮೆ. ಇಂಧನದ ಮಟ್ಟಿಗೆ ಇದು ವಿಚಿತ್ರವಾದ ಜಾಗ. ರೀಡ್-ಹಿಲ್‌ವ್ಯೂ ಮತ್ತು ಸ್ಯಾನ್ ಮಾರ್ಟಿನ್ ನಿಲ್ದಾಣಗಳಲ್ಲಿ 2022ರ ಜನವರಿ 1ರಿಂದ ಸೀಸ ಬೆರೆತ ಇಂಧನದ ಮಾರಾಟವೇ ಇಲ್ಲ. ಅಲ್ಲಿ ಸ್ವಿಫ್ಟ್ ಕಂಪನಿಯ ಸೀಸವಿಲ್ಲದ ವಿಮಾನ ಇಂಧನ ಯುಎಲ್94 ಸಿಗುತ್ತದೆ. ಅರ್ಧ ಗಂಟೆ ಹಾರಿ ಹಾಲಿಸ್ಟರ್‌ಗೋ ಲಿವರ್ಮೋರ್‌ಗೋ ಹೋದರೆ ನೀಲಿ ಬಣ್ಣದ, ಸೀಸ ಬೆರೆತ ವಿಮಾನ ಇಂಧನ 100ಎಲ್‌ಎಲ್ ಸಿಗುತ್ತದೆ. ಊರ ರಸ್ತೆಯ ಯಾವ ಬಂಕಿಗೆ ಹೋದರೂ 91 ಆಕ್ಟೇನ್ ಪೆಟ್ರೋಲ್ ಇದೆ, ಅದರಲ್ಲಿ ಹತ್ತರಲ್ಲಿ ಒಂದು ಪಾಲು ಎಥನಾಲ್. ಮೂರನ್ನೂ ಸಾಕಷ್ಟು ಕಾಲ ಬಳಸಿದ್ದೇನೆ. ಪ್ರತಿಯೊಂದರ ಅವಧಿ ಮುಗಿದಾಗ ಕಾರ್ಬ್ಯುರೇಟರಿನ ಬಟ್ಟಲು, ಪ್ಲಗ್ಗು, ಆಯಿಲ್ ಫಿಲ್ಟರು ಎಲ್ಲವನ್ನೂ ಬಿಚ್ಚಿ ನೋಡಿದ್ದೇನೆ. ಹಾಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಂಜಿನ್ ಏನು ಕೇಳುತ್ತದೆ ಎಂಬುದು ಸ್ಪಷ್ಟವಾಗಬೇಕು. 912 ಯುಎಲ್‌ಎಸ್‌ಗೆ ಕನಿಷ್ಠ 95 ರೀಸರ್ಚ್ ಆಕ್ಟೇನ್ ಬೇಕು. ಆಕ್ಟೇನ್ ಎಂದರೆ ಒತ್ತಿದಾಗ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಇಂಧನದ ಗುಣದ ಅಳತೆ. ಅಮೆರಿಕದ ಬಂಕಿನ ಮೇಲೆ ಬರೆದಿರುವ ಅಂಕಿ ಎರಡು ಬಗೆಯ ಆಕ್ಟೇನ್ ಅಳತೆಗಳ ಸರಾಸರಿ. ಆ ಲೆಕ್ಕದಲ್ಲಿ 95 ಎಂದರೆ ಇಲ್ಲಿನ 91. ಎಥನಾಲ್ ಶೇ. 10ರವರೆಗೆ ಇರಬಹುದು, ಅದಕ್ಕಿಂತ ಹೆಚ್ಚು ಕೂಡದು. ಈ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಅನುಪಾತ, 10.5ಕ್ಕೆ 1. ಇಷ್ಟು ಒತ್ತುವ ಎಂಜಿನ್ ಬಂಕಿನ ಪೆಟ್ರೋಲಿನಲ್ಲಿ ಓಡುತ್ತದೆ, 8.7ಕ್ಕೆ 1 ಇರುವ 200 ಅಶ್ವಶಕ್ತಿಯ ಲೈಕಮಿಂಗ್ ವಿಮಾನ ಎಂಜಿನ್ 100 ಆಕ್ಟೇನ್ ಬೇಡುತ್ತದೆ. ಹೊಸಬರು ನನ್ನನ್ನು ಮೊದಲು ಕೇಳುವುದೇ ಇದನ್ನು. ಉತ್ತರ ಸಿಲಿಂಡರಿನ ಅಗಲದಲ್ಲಿದೆ. ರೋಟಾಕ್ಸ್ ಸಿಲಿಂಡರಿನ ವ್ಯಾಸ 84 ಮಿಲಿಮೀಟರ್, ಲೈಕಮಿಂಗ್‌ನದು ಸುಮಾರು 130. ಕಿಡಿ ಹೊತ್ತಿದ ಮೇಲೆ ಜ್ವಾಲೆ ಅಂಚು ಮುಟ್ಟಲು ಸಾಗಬೇಕಾದ ದೂರ ಕಡಿಮೆಯಾದಷ್ಟೂ, ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವ ಸಂಭವ ಕಡಿಮೆ. ಜೊತೆಗೆ ರೋಟಾಕ್ಸ್‌ನ ಹೆಡ್ಡುಗಳನ್ನು ನೀರು ತಣಿಸುತ್ತದೆ. ಆದ್ದರಿಂದ ಪಕ್ಕದ ಹ್ಯಾಂಗರಿನವರ ಎಂಜಿನ್ನಿಗೆ ಒಗ್ಗಿದ್ದು ನಮ್ಮದಕ್ಕೂ ಒಗ್ಗುತ್ತದೆ, ಅವರದಕ್ಕೆ ಕೆಟ್ಟದ್ದು ನಮ್ಮದಕ್ಕೂ ಕೆಟ್ಟದ್ದು ಎಂದು ನಂಬಿ ಹೊರಡಬಾರದು.

ಬಂಕಿನ ಪೆಟ್ರೋಲಿನಿಂದ ಶುರು ಮಾಡುತ್ತೇನೆ. ಎಂಜಿನ್ನಿನ ಒಳಭಾಗಕ್ಕೆ ಇದು ಬಹಳ ಹಿತವಾದ ಇಂಧನ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ನಿಲ್ಲುತ್ತದೆ, ಬದಲಾಯಿಸುವ ಹೊತ್ತಿಗೂ ಆಯಿಲ್ ತೆಳುವಾಗಿ ಹರಿಯುತ್ತದೆ, ಫಿಲ್ಟರ್ ಕೊಯ್ದು ಮಡಿಕೆಗಳನ್ನು ಬಿಡಿಸಿದರೆ ಕಾಗದ ಸ್ವಚ್ಛವಾಗಿರುತ್ತದೆ. ಎಥನಾಲಿನ ಕಾರಣ ಶಕ್ತಿಯಲ್ಲಿ ಶೇ. 3ರಷ್ಟು ಕೊರತೆ ಉಂಟು. ಗಂಟೆಗೆ ಸುಮಾರು 5 ಗ್ಯಾಲನ್ ಕುಡಿಯುವ ಎಂಜಿನ್ನಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಬೆಲೆಯಂತೂ ಮೂರರಲ್ಲಿ ಅತಿ ಕಡಿಮೆ.

ಈ ಪೆಟ್ರೋಲಿನ ತೊಂದರೆ ಇರುವುದು ಎಂಜಿನ್ನಿಗಿಂತ ಮೊದಲಿನ ಹಾದಿಯಲ್ಲಿ: ಟ್ಯಾಂಕು, ರಬ್ಬರ್ ಪೈಪು, ಪಂಪಿನ ಪೊರೆ, ಕಾರ್ಬ್ಯುರೇಟರಿನ ಬಟ್ಟಲು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶೇ. 10 ಎಥನಾಲ್ ಇರುವ ಪೆಟ್ರೋಲ್ ತನ್ನ ಗಾತ್ರದ ಸುಮಾರು ಶೇ. 0.5ರಷ್ಟು ನೀರನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ. ಆ ಮಿತಿ ದಾಟಿದರೆ, ಅಥವಾ ರಾತ್ರಿ ಚಳಿ ಏರಿ ಆ ಮಿತಿಯೇ ಕುಗ್ಗಿದರೆ, ನೀರೂ ಎಥನಾಲೂ ಕೂಡಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಆಗ ಎರಡು ಕೆಡುಕು ಒಟ್ಟಿಗೆ ಬರುತ್ತವೆ. ತಳದಲ್ಲಿ ಎಂಜಿನ್ ಸುಡಲಾರದ ದ್ರವ, ಮೇಲೆ ಎರಡು ಮೂರು ಅಂಶ ಆಕ್ಟೇನ್ ಕಳೆದುಕೊಂಡ ಪೆಟ್ರೋಲ್. 91ರ ಅಂಚಿನಲ್ಲೇ ಇರುವವರಿಗೆ ಆ ಎರಡು ಮೂರು ಅಂಶ ದೊಡ್ಡದು. ಮಾಮೂಲಿ ಇಂಧನದಲ್ಲಿ ಟ್ಯಾಂಕಿನ ತಳದ ಮಾದರಿ ತೆಗೆದರೆ ನೀರಿನ ಗುಳ್ಳೆ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ನೀರು ಕರಗಿಕೊಂಡೇ ಇರುವುದರಿಂದ ಮಾದರಿ ತಿಳಿಯಾಗಿ ಕಂಡರೂ ನಿಶ್ಚಿಂತರಾಗುವ ಹಾಗಿಲ್ಲ.

ಆವಿಯ ಕಾಟವೂ ಇದೆ. ಪೈಪಿನಲ್ಲೇ ಇಂಧನ ಆವಿಯಾದರೆ ಪಂಪಿಗೆ ದ್ರವ ಸಿಗದೆ ಎಂಜಿನ್ನಿಗೆ ಇಂಧನ ಸಾಲದಾಗುತ್ತದೆ. ವಿಮಾನದ ಇಂಧನದ ಆವಿ ಒತ್ತಡ ವರ್ಷವಿಡೀ 5.5ರಿಂದ 7 ಪಿಎಸ್‌ಐ ನಡುವೆ ಇರಬೇಕೆಂಬ ನಿಯಮವಿದೆ. ಕಾರಿನ ಪೆಟ್ರೋಲನ್ನು ಋತುವಿಗೆ ತಕ್ಕಂತೆ ಬದಲಿಸುತ್ತಾರೆ; ಚಳಿಯಲ್ಲಿ ಕಾರು ಸುಲಭವಾಗಿ ಹೊತ್ತಿಕೊಳ್ಳಲೆಂದು ಚಳಿಗಾಲದ ಮಿಶ್ರಣವನ್ನು ಬೇಗ ಆವಿಯಾಗುವಂತೆ ಮಾಡಿರುತ್ತಾರೆ. ಅಪಾಯದ ಕಾಲ ಕಡು ಬೇಸಿಗೆಯಲ್ಲ, ವಸಂತ. ಚಳಿಗಾಲದ ಪೆಟ್ರೋಲ್ ಇನ್ನೂ ಟ್ಯಾಂಕಿನಲ್ಲಿರುವಾಗಲೇ ಒಂದು ದಿನ ಬಿಸಿಲು ಏರಿಬಿಡುತ್ತದೆ. ಸೆಂಟ್ರಲ್ ವ್ಯಾಲಿಯ ನಿಲ್ದಾಣವೊಂದರಲ್ಲಿ ಇಳಿದು, ಊಟ ಮುಗಿಸಿ ಮತ್ತೆ ಎಂಜಿನ್ ಹಚ್ಚಿದಾಗ ಇಂಧನದ ಒತ್ತಡದ ಮುಳ್ಳು ನಡುಗುವುದನ್ನು ನಾನು ಬಂಕಿನ ಪೆಟ್ರೋಲ್ ಹಾಕಿದ್ದಾಗ ಮಾತ್ರ ಕಂಡಿದ್ದೇನೆ. ರೋಟಾಕ್ಸ್ ಹೇಳುವ ಕೆಳಗಿನ ಮಿತಿ 0.15 ಬಾರ್. ಮುಳ್ಳು ಅದರ ಹತ್ತಿರ ಸುಳಿದರೆ ಸಹಾಯಕ ಪಂಪ್ ಹಾಕಿ, ಮುಳ್ಳು ಸ್ಥಿರವಾಗುವವರೆಗೆ ನೆಲದ ಮೇಲೆಯೇ ಇರುತ್ತೇನೆ. ಪಂಪಿನಿಂದ ಟ್ಯಾಂಕಿಗೆ ಹಿಂದಿರುಗುವ ಸಣ್ಣ ಪೈಪನ್ನು ಅನುಸ್ಥಾಪನೆಯ ಕೈಪಿಡಿ ಸುಮ್ಮನೆ ಹೇಳಿಲ್ಲ. ಆವಿಯನ್ನು ಸಾಗಹಾಕುವುದೇ ಅದರ ಕೆಲಸ. ಬಂಕಿನ ಪೆಟ್ರೋಲ್ ಹಾಕುವ ಮನಸ್ಸಿರುವವರು ಆ ಪೈಪನ್ನು ಬಿಟ್ಟು ಕಟ್ಟಲೇಬಾರದು.

ಇನ್ನು 100ಎಲ್‌ಎಲ್. ಇದರ ಗುಣವನ್ನು ಪ್ರಾಮಾಣಿಕವಾಗಿ ಹೇಳಬೇಕು: ಸ್ಥಿರತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕುಳಿತರೂ ಆಕ್ಟೇನ್ ಜಗ್ಗುವುದಿಲ್ಲ, ಅಂಟು ಕಟ್ಟುವುದಿಲ್ಲ, ಎಥನಾಲ್ ಇಲ್ಲ, ಬಿಸಿಲಿಗೆ ಮುಳ್ಳು ನಡುಗುವುದಿಲ್ಲ. ದೇಶದ ಯಾವ ಮೂಲೆಯ ನಿಲ್ದಾಣದಲ್ಲಿ ಇಳಿದರೂ ಸಾಮಾನ್ಯವಾಗಿ ಇದೇ ಸಿಗುವುದು. ಆದರೆ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಹೆಸರಿನಲ್ಲಿ ಎಲ್‌ಎಲ್, ಅಂದರೆ ‘ಲೋ ಲೆಡ್’, ಕಡಿಮೆ ಸೀಸ ಎಂದಿದ್ದರೂ ಅದು ಹಳೆಯ ವಿಮಾನ ಇಂಧನಗಳಿಗೆ ಹೋಲಿಸಿದ ಮಾತು. ಆ ಸೀಸ ಸಿಲಿಂಡರಿನಲ್ಲಿ ಉಳಿಯದಿರಲೆಂದು ಎಥಿಲೀನ್ ಡೈಬ್ರೋಮೈಡ್ ಸೇರಿಸಿರುತ್ತಾರೆ. ಅದು ಸೀಸವನ್ನು ಆವಿಯಾಗಿಸಿ ಹೊಗೆಯೊಂದಿಗೆ ಹೊರಗೆ ಕಳಿಸಬೇಕು. ಈ ಕೆಲಸಕ್ಕೆ ಶಾಖ ಬೇಕು, ನಮ್ಮ ಎಂಜಿನ್ ತಣ್ಣಗೆ ಓಡುತ್ತದೆ. ಹೀಗಾಗಿ ಸೀಸದ ಒಂದು ಪಾಲು ಒಳಗೇ ಉಳಿದು ಆಯಿಲಿಗೆ ಇಳಿಯುತ್ತದೆ.

ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಯಿಲ್ ಬದಲಾಯಿಸುವ ದಿನ ಕಣ್ಣಾರೆ ನೋಡಬಹುದು. 912ರಲ್ಲಿ ಆಯಿಲ್ ಎಂಜಿನ್ನಿನ ಹೊರಗೆ ಪ್ರತ್ಯೇಕ ಡಬ್ಬಿಯಲ್ಲಿರುತ್ತದೆ. 100ಎಲ್‌ಎಲ್ ಸುಟ್ಟ ಅವಧಿ ಮುಗಿದ ಮೇಲೆ ಆ ಡಬ್ಬಿಯನ್ನು ಖಾಲಿ ಮಾಡಿ ತಳಕ್ಕೆ ಕೈಗವಸಿನ ಬೆರಳು ಹಾಕಿದರೆ ಬೂದು ಬಣ್ಣದ, ನುಣುಪಾದ, ನೆನೆಸಿದ ವಿಭೂತಿಯಂಥ ಕೆಸರು ಮೆತ್ತಿಕೊಂಡು ಬರುತ್ತದೆ. ಪ್ಲಗ್ಗಿನ ಪಿಂಗಾಣಿಯ ಬುಡದಲ್ಲಿ ಅದೇ ಬೂದು ಬಣ್ಣದ ಸಣ್ಣ ಮಣಿಗಳು. ಇದೇ ಮೂರು ಲೀಟರ್ ಆಯಿಲ್ ಗೇರ್‌ಬಾಕ್ಸಿಗೂ ಹೋಗಬೇಕು. ನಿಮಿಷಕ್ಕೆ 5800 ಸುತ್ತು ತಿರುಗುವ ಎಂಜಿನ್ನಿನ ವೇಗವನ್ನು 2.43ರಿಂದ ಭಾಗಿಸಿ ಪ್ರೊಪೆಲ್ಲರಿಗೆ ಕೊಡುವ ಗೇರ್‌ಬಾಕ್ಸ್ ಅದು. ಅದರೊಳಗಿನ ಜಾರುವ ಕ್ಲಚ್ಚಿನ ಮೇಲೆ ಈ ಕೆಸರು ಕೂರುತ್ತದೆ. ಹಾರಾಟದ ಶೇ. 30ಕ್ಕಿಂತ ಹೆಚ್ಚು ಸಮಯ ಸೀಸದ ಇಂಧನ ಸುಟ್ಟರೆ ಆಯಿಲನ್ನು 100 ಗಂಟೆಗೆ ಬದಲಾಗಿ 50 ಗಂಟೆಗೇ ಬದಲಿಸಬೇಕು ಎಂದು ರೋಟಾಕ್ಸ್ ಹೇಳುತ್ತದೆ. ನಾನು ಸೀಸದ ಕಾಲದಲ್ಲಿ 25 ಗಂಟೆಗೇ ಬದಲಿಸುತ್ತಿದ್ದೆ, ಈಗಲೂ ಯಾರು ಕೇಳಿದರೂ ಹಾಗೆಯೇ ಹೇಳುತ್ತೇನೆ. ಪೂರ್ತಿ ಸಿಂಥೆಟಿಕ್ ಆಯಿಲ್ ಬೇಡ. ಸೀಸವನ್ನು ಹಿಡಿದು ತೇಲಿಸುವ ಗುಣ ಅದಕ್ಕೆ ಕಡಿಮೆ.

ಎಂಜಿನ್ನಿನ ವಿಷಯ ಹಾಗಿರಲಿ. 2021ರಲ್ಲಿ ಪ್ರಕಟವಾದ, ನಮ್ಮ ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತದ) ಅಧ್ಯಯನ, ರೀಡ್-ಹಿಲ್‌ವ್ಯೂ ನಿಲ್ದಾಣದ ಅರ್ಧ ಮೈಲಿಯೊಳಗೆ ವಾಸಿಸುವ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ದೂರದ ಮಕ್ಕಳಿಗಿಂತ ಹೆಚ್ಚಿದೆ ಎಂದು ತೋರಿಸಿತು. ನಿಲ್ದಾಣದ ಬೇಲಿಯ ಆಚೆಯೇ ಮನೆಗಳಿವೆ. ಹವ್ಯಾಸಕ್ಕಾಗಿ ಹಾರುವವನು ನಾನು. ಸೀಸವಿಲ್ಲದ ಇಂಧನದಲ್ಲೇ ಚೆನ್ನಾಗಿ ಓಡುವ ಎಂಜಿನ್ ಇಟ್ಟುಕೊಂಡು ಆ ಮನೆಗಳ ಮೇಲೆ ಸೀಸ ಸುರಿಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಯುಎಲ್94 ಬಗ್ಗೆ ಹೇಳಲು ಕಡಿಮೆ ಇದೆ, ಅದೇ ಅದರ ಹೆಚ್ಚುಗಾರಿಕೆ. ಸರಳವಾಗಿ ಹೇಳುವುದಾದರೆ ವಿಮಾನದ ಇಂಧನದಿಂದ ಸೀಸ ತೆಗೆದರೆ ಉಳಿಯುವಂಥದ್ದು. ಆವಿ ಒತ್ತಡ ಅದರದ್ದೇ, ಎಥನಾಲ್ ಇಲ್ಲ, ಬಹುಕಾಲ ಕೆಡುವುದಿಲ್ಲ. ಪ್ಲಗ್ಗು ಬಂಕಿನ ಪೆಟ್ರೋಲಿನಷ್ಟೇ ಸ್ವಚ್ಛ, ಒತ್ತಡದ ಮುಳ್ಳು 100ಎಲ್‌ಎಲ್‌ನಷ್ಟೇ ಸ್ಥಿರ. ಉತ್ತರ ಡಕೋಟಾ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತಿ ವಿಮಾನಗಳಿಗೆ ಯುಎಲ್94 ಹಾಕಿ, ಎಕ್ಸಾಸ್ಟ್ ವಾಲ್ವಿನ ಸೀಟುಗಳು ಸವೆಯುತ್ತಿರುವುದು ಕಂಡು ಕೆಲವೇ ತಿಂಗಳಲ್ಲಿ ನಿಲ್ಲಿಸಿತು. ಈ ಸುದ್ದಿ ಓದಿ ಹೆದರಿದ ರೋಟಾಕ್ಸ್ ಮಾಲೀಕರು ಬಹಳ ಮಂದಿ. ಅವು ಲೈಕಮಿಂಗ್ ಎಂಜಿನ್ನುಗಳು. ನಮ್ಮದು ಮೊದಲಿನಿಂದಲೂ ಸೀಸವಿಲ್ಲದ ಪೆಟ್ರೋಲಿಗೆಂದೇ ರೂಪಿಸಿದ ಎಂಜಿನ್. ಆದರೂ ವಾರ್ಷಿಕ ತಪಾಸಣೆಯಲ್ಲಿ ಸಿಲಿಂಡರುಗಳ ಒತ್ತಡ ಸೋರಿಕೆಯ ಪರೀಕ್ಷೆಯನ್ನು ನಾನು ಬಿಟ್ಟಿಲ್ಲ, ಅಂಕಿಗಳು ಕದಲಿಲ್ಲ. ಇದರ ಕೊರತೆ ಎರಡು: ಬೆಲೆ ಬಂಕಿಗಿಂತ ಬಹಳ ಹೆಚ್ಚು, ಮತ್ತು ಸಿಗುವ ನಿಲ್ದಾಣಗಳು ತೀರಾ ಕಡಿಮೆ.

ಮೂರನ್ನೂ ನಿಜವಾಗಿ ಅಕ್ಕಪಕ್ಕ ಇಟ್ಟು ನೋಡಲು ಕಾರ್ಬ್ಯುರೇಟರಿನ ಬಟ್ಟಲಿಗಿಂತ ಒಳ್ಳೆಯ ಜಾಗವಿಲ್ಲ. ಎಂಜಿನ್ನಿನ ಎರಡು ಬದಿಯಲ್ಲೂ ಒಂದೊಂದು ಬಿಂಗ್ ಕಾರ್ಬ್ಯುರೇಟರ್. ಬಟ್ಟಲನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ಹೆಬ್ಬೆರಳಿನಿಂದ ತಳ್ಳಿದರೆ ಬಟ್ಟಲು ಕೈಗೆ ಬರುತ್ತದೆ, ಒಳಗೆ ಇಂಧನದ ಮಟ್ಟ ಕಾಯುವ ಎರಡು ಫ್ಲೋಟ್ ತೇಲುತ್ತಿರುತ್ತವೆ. 100ಎಲ್‌ಎಲ್ ಇದ್ದಾಗ ತಳದಲ್ಲಿ ತೆಳು ನೀಲಿ ಕಲೆ, ಬೇರೇನೂ ಇಲ್ಲ. ಯುಎಲ್94 ಇದ್ದಾಗ ಲೋಹ ಹೊಸದರಂತೆಯೇ. ಬಂಕಿನ ಪೆಟ್ರೋಲ್ ವಾರವಾರವೂ ಸುಟ್ಟಿದ್ದಾಗ ಅದೂ ಸ್ವಚ್ಛವೇ. ಅದೇ ಪೆಟ್ರೋಲ್ ಮಳೆಗಾಲದಲ್ಲಿ ಹಾರಾಟವಿಲ್ಲದೆ ನಿಂತಿದ್ದಾಗ ಮಾತ್ರ ತಳದಲ್ಲಿ ಹಳದಿ ಪೊರೆ, ಮೂಗಿಗೆ ಹಳೆಯ ವಾರ್ನಿಷಿನ ವಾಸನೆ, ಜೊತೆಗೆ ಪೈಪಿನ ಒಳಮೈಯಿಂದ ಬಿಟ್ಟ ಕರಿ ರಬ್ಬರಿನ ಹುಡಿ. ಆ ಹುಡಿಯ ಒಂದು ಕಣ ಕೆಳವೇಗದಲ್ಲಿ ಇಂಧನ ಹಾಯುವ ಸಣ್ಣ ರಂಧ್ರವಾದ ಐಡಲ್ ಜೆಟ್ಟಿನಲ್ಲಿ ಸಿಕ್ಕಿಕೊಂಡರೆ ಸಾಕು, ಒಂದು ಬದಿಯ ಎರಡು ಸಿಲಿಂಡರುಗಳಿಗೆ ಇಂಧನ ಸಾಲದೆ ಇಡೀ ಎಂಜಿನ್ ಕೆಳವೇಗದಲ್ಲಿ ಗಡಗಡ ನಡುಗುತ್ತದೆ. ಆ ನಡುಕದ ಪೆಟ್ಟು ಬೀಳುವುದು ಗೇರ್‌ಬಾಕ್ಸಿಗೆ. ಬಟ್ಟಲು ತೆಗೆದಾಗಲೆಲ್ಲ ಎರಡೂ ಫ್ಲೋಟುಗಳನ್ನು ತಕ್ಕಡಿಗೆ ಹಾಕುತ್ತೇನೆ. ಜೋಡಿಯ ತೂಕ 7 ಗ್ರಾಂ ಮೀರಿದರೆ ಅವು ಇಂಧನ ಹೀರಿಕೊಂಡಿವೆ ಎಂದರ್ಥ, ಅವುಗಳನ್ನು ಬದಲಾಯಿಸಲೇಬೇಕು. ರಬ್ಬರ್ ಭಾಗಗಳಿಗೆ ರೋಟಾಕ್ಸ್ ಕೊಟ್ಟಿರುವ ಗಡುವು 5 ವರ್ಷ. ಎಥನಾಲ್ ಕುಡಿಸುವವರು ಅಷ್ಟು ಕಾಯದೆ ವರ್ಷವರ್ಷವೂ ಪೈಪುಗಳನ್ನು ಬಾಗಿಸಿ, ಬಿರುಕು ಬಿಟ್ಟಿವೆಯೇ ಎಂದು ನೋಡಬೇಕು.

ಇಂಧನದ ಆಯ್ಕೆಯನ್ನು ಬೆಲೆಗಿಂತ ಮೊದಲು ತೀರ್ಮಾನಿಸಬೇಕಾದದ್ದು ವಿಮಾನ ಎಷ್ಟು ಕಾಲ ಸುಮ್ಮನೆ ನಿಲ್ಲುತ್ತದೆ ಎಂಬುದು. ಪ್ರತಿ ವಾರ ಹಾರುವವರು, ಅಲ್ಯುಮಿನಿಯಂ ಟ್ಯಾಂಕು ಇರುವವರು ಬಂಕಿನ 91 ಹಾಕಲಿ, ಎಂಜಿನ್ ಹರಸುತ್ತದೆ. ಫೈಬರ್‌ಗ್ಲಾಸ್ ಟ್ಯಾಂಕು ಇದ್ದವರು ಅದರ ರೆಸಿನ್ ಎಥನಾಲನ್ನು ತಡೆಯುತ್ತದೆಂದು ಖಚಿತವಾಗುವವರೆಗೆ ಬಂಕಿನ ಪೆಟ್ರೋಲಿನ ಹತ್ತಿರ ಹೋಗಬಾರದು. ದೂರ ಪ್ರಯಾಣದಲ್ಲಿ 100ಎಲ್‌ಎಲ್ ಹಾಕಲು ಹಿಂಜರಿಯುವುದು ಬೇಡ, ಅದು ಶೇ. 30ರ ಮಿತಿಯೊಳಗೆ ಬಂದುಹೋಗುತ್ತದೆ. ಮೂರರಲ್ಲಿ ಯಾವುದನ್ನು ಯಾವುದರೊಂದಿಗೆ ಬೆರೆಸಿದರೂ ಈ ಎಂಜಿನ್ನಿಗೆ ತೊಂದರೆಯಿಲ್ಲ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಕೊನೆಯ ಹಾರಾಟವನ್ನು ಯುಎಲ್94 ಅಥವಾ 100ಎಲ್‌ಎಲ್‌ನಲ್ಲಿ ಮುಗಿಸಿ, ಬಟ್ಟಲುಗಳಲ್ಲೂ ಅದೇ ತುಂಬಿರುವಂತೆ ನೋಡಿಕೊಳ್ಳಬೇಕು. ನನ್ನ ವಿಮಾನಕ್ಕೆ ಈಗ ದಿನನಿತ್ಯದ ಇಂಧನ ಯುಎಲ್94. ಸ್ವಂತವಾಗಿ ಕಟ್ಟಿದವರಿಗೆ ಅಮೆರಿಕದಲ್ಲಿ ರಿಪೇರ್‌ಮನ್ ಪ್ರಮಾಣಪತ್ರ ಸಿಗುತ್ತದೆ, ವಾರ್ಷಿಕ ತಪಾಸಣೆಗೆ ನಾವೇ ಸಹಿ ಹಾಕುತ್ತೇವೆ. ಸಹಿ ನಮ್ಮದೇ ಆಗಿರುವುದರಿಂದ ಯಾವ ಟ್ಯಾಂಕಿಗೆ ಯಾವ ಇಂಧನ ಹೋಯಿತು ಎಂಬುದನ್ನು ದಿನಾಂಕ ಸಮೇತ ಲಾಗ್ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು. ಮುಂದೊಂದು ದಿನ ಪೈಪು ಗಟ್ಟಿಯಾದರೆ ಕಾರಣ ಹುಡುಕಲು ಆ ಸಾಲುಗಳೇ ಆಧಾರ.

ಬೆಂಗಳೂರಿನ ಸುತ್ತ ರೋಟಾಕ್ಸ್ ಎಂಜಿನ್ನಿನ ಮೈಕ್ರೋಲೈಟ್ (ತೀರಾ ಹಗುರವಾದ ವಿಮಾನ) ಹಾರಿಸುವವರಿಗೆ ಈ ಲೆಕ್ಕ ಬೇರೆ. ಭಾರತದ ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಆಕ್ಟೇನ್ 95 ಇದೆ ಎಂಬುದನ್ನಷ್ಟೇ ನೋಡಿ ಸಮಾಧಾನಪಡಬಾರದು. ಎಥನಾಲ್ ರೋಟಾಕ್ಸ್ ಮಿತಿಯ ಎರಡರಷ್ಟಾಯಿತು. ಇಂಡಿಯನ್ ಆಯಿಲ್ 2022ರಿಂದ ವಡೋದರದಲ್ಲಿ 100ಎಲ್‌ಎಲ್ ತಯಾರಿಸುತ್ತಿದೆ. ಕೈಗೆಟುಕುವ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂಬ ಅನುಮಾನ ಬಂದರೆ 100 ಎಂಎಲ್ ಅಳತೆಯ ಗಾಜಿನ ಕೊಳವೆಗೆ 10 ಎಂಎಲ್ ನೀರು ಹಾಕಿ, 100ರ ಗೆರೆಯವರೆಗೆ ಪೆಟ್ರೋಲ್ ತುಂಬಿಸಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಕೆಲವು ನಿಮಿಷ ನಿಲ್ಲಿಸಿ. ನೀರು ಎಥನಾಲನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ, 18ರ ಆಸುಪಾಸಿಗೆ ಏರಿದರೆ ಶೇ. 10, 27 ಮುಟ್ಟಿದರೆ ಶೇ. 20. ಮೂರನೆಯ ಬಗೆಯದನ್ನು ಸ್ಕೂಟರಿಗೆ ಹಾಕಿಕೊಳ್ಳಿ, ವಿಮಾನಕ್ಕೆ 100ಎಲ್‌ಎಲ್ ತರಿಸಿ, ಆಯಿಲನ್ನು 25 ಗಂಟೆಗೆ ಬದಲಾಯಿಸಿ.