ಆರ್‌ವಿಯಲ್ಲಿ ವಾಸ, ಜೊತೆಗೆ ಕೆಲಸ: ನಾವು ಮಾಡಿ ನೋಡಿದ ಮೂರು ಬಗೆ

ಅಮೆರಿಕದಲ್ಲಿ ಆರ್‌ವಿ, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಎಲ್ಲಾ ಇರುವ ಮನೆಗಾಡಿ, ಕೊಂಡು ಅದರಲ್ಲೇ ಸಂಸಾರ ಹೂಡುವವರು ಗಾಡಿಯ ಬೆಲೆ, ಡೀಸೆಲ್ ಖರ್ಚು, ವಿಮೆ ಎಲ್ಲಾ ಲೆಕ್ಕ ಹಾಕಿರುತ್ತಾರೆ. ಗಾಡಿ ನಿಲ್ಲಿಸುವ ಜಾಗದ ಬಾಡಿಗೆಯ ಬಿಸಿ ಮಾತ್ರ ಆಮೇಲೆ ತಟ್ಟುತ್ತದೆ. ಕರೆಂಟು, ನೀರು, ಒಳಚರಂಡಿ ಮೂರೂ ಇರುವ ಜಾಗ ಅಗ್ಗಕ್ಕೆ ಸಿಗುವುದಿಲ್ಲ. ಆ ಬಾಡಿಗೆಯನ್ನು ದುಡಿದು ತೀರಿಸುವ ದಾರಿಗೆ ಇಲ್ಲಿ ವರ್ಕ್‌ಕ್ಯಾಂಪಿಂಗ್ ಅನ್ನುತ್ತಾರೆ. ಇದು ಹೊಸದೇನಲ್ಲ. ಇಂಥ ಕೆಲಸಗಳ ಜಾಹೀರಾತಿಗಾಗಿಯೇ ವರ್ಕ್‌ಕ್ಯಾಂಪರ್ ನ್ಯೂಸ್ ಅನ್ನುವ ಪತ್ರಿಕೆ 1987ರಲ್ಲೇ ಶುರುವಾಗಿದೆ. ದೊಡ್ಡ ಕಂಪನಿಗಳೂ ಈ ಜನರನ್ನು ನೆಚ್ಚಿಕೊಂಡಿದ್ದ ಕಾಲ ಇತ್ತು. ಅಮೆಜಾನ್ 2008ರಲ್ಲಿ ಕ್ಯಾಂಪರ್‌ಫೋರ್ಸ್ ಹೆಸರಿನಲ್ಲಿ ಹಬ್ಬದ ಸೀಸನ್‌ಗೆ ಆರ್‌ವಿ ಜನರನ್ನು ಗೋದಾಮಿನ ಕೆಲಸಕ್ಕೆ ಕರೆಯಲು ಆರಂಭಿಸಿತ್ತು. ಈಗ ಅದು ಇಲ್ಲ.

ನಾನು, ನನ್ನ ಯಜಮಾನರು ಮೂರು ಬಗೆಯ ಕೆಲಸ ಮಾಡಿ ನೋಡಿದ್ದೇವೆ. ಒರೆಗಾನ್ ಕರಾವಳಿಯ ಒಂದು ಸ್ಟೇಟ್ ಪಾರ್ಕ್‌ನಲ್ಲಿ (ರಾಜ್ಯ ಸರ್ಕಾರದ ಉದ್ಯಾನ) ತಂಗಲು ಬಂದವರನ್ನು ನೋಡಿಕೊಳ್ಳುವ ಕ್ಯಾಂಪ್ ಹೋಸ್ಟ್ ಆಗಿದ್ದೆವು. ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ ಒಂದು ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಕೆಲಸ ಮಾಡಿದೆವು. ನಾರ್ತ್ ಡಕೋಟಾದಲ್ಲಿ ಸಕ್ಕರೆ ತೆಗೆಯುವ ಗೆಡ್ಡೆ ಶುಗರ್ ಬೀಟ್‌ನ ಕೊಯ್ಲಿಗೆ ಹೋದೆವು. ಯಾವುದು ವಾಸಿ ಅಂತ ಕೇಳುವವರು ಸಾಮಾನ್ಯವಾಗಿ ದುಡ್ಡನ್ನು ನೋಡುತ್ತಾರೆ. ನಾನು ಬೇರೆ ಒಂದನ್ನು ಮೊದಲು ನೋಡುತ್ತೇನೆ: ಕೆಲಸ ಮುಗಿದ ಮೇಲೆ ಅದು ನಿಮ್ಮ ಬಾಗಿಲಿನಿಂದ ದೂರ ಹೋಗುತ್ತದೋ ಇಲ್ಲವೋ. ಮನೆಯ ಅಂಗಳವೇ ಕೆಲಸದ ಜಾಗ ಆದಾಗ ಈ ಪ್ರಶ್ನೆ ಕೂಲಿಗಿಂತ ದೊಡ್ಡದು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ಮಾತ್ರ ಈ ದಾರಿ ಸಲೀಸು. ಎಚ್-1ಬಿ ವೀಸಾದಲ್ಲಿ ಇರುವವರು ತಮ್ಮ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ. ಸಂಬಳ ಇಲ್ಲ, ಬರೀ ಜಾಗ ಕೊಡುತ್ತಾರೆ ಅಂದರೂ ಅದು ದುಡಿಮೆಗೆ ಸಿಕ್ಕ ಪ್ರತಿಫಲ ಅಂತ ಎಣಿಕೆಯಾಗಬಹುದು. ಊರಿಂದ ನೋಡಲು ಬಂದ ಅಪ್ಪ, ಅಮ್ಮ ಜೊತೆಗಿದ್ದರೆ ಅವರನ್ನು ಕೌಂಟರ್‌ನಲ್ಲಿ ಸ್ವಲ್ಪ ಹೊತ್ತು ಕೂರಿಸುವುದೂ ಬೇಡ.

ಒರೆಗಾನ್‌ನದು ಸ್ವಯಂಸೇವೆ. ಕೂಲಿ ಇಲ್ಲ. ವಾರಕ್ಕೆ ಇಷ್ಟು ಗಂಟೆ ಅಂತ ಕೆಲಸ ಮಾಡಿದರೆ ಎಲ್ಲಾ ಸೌಲಭ್ಯ ಇರುವ ಜಾಗ ಕೊಡುತ್ತಾರೆ. ಸಾಮಾನ್ಯ ಕ್ಯಾಂಪರ್‌ಗಳನ್ನು ಒಂದೇ ಪಾರ್ಕ್‌ನಲ್ಲಿ ಎರಡು ವಾರಕ್ಕಿಂತ ಜಾಸ್ತಿ ಸತತವಾಗಿ ಇರಲು ಬಿಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸಮುದ್ರದ ಪಕ್ಕ ಇರಬೇಕು ಅಂದರೆ ಹೋಸ್ಟ್ ಆಗುವುದೇ ಸುಲಭದ ದಾರಿ. ಒರೆಗಾನ್‌ನಲ್ಲಿ 1967ರ ಬೀಚ್ ಬಿಲ್ ಬಂದ ಮೇಲೆ ಇಡೀ ಕರಾವಳಿಯ ಮರಳಿನ ಮೇಲೆ ಜನರಿಗೆ ಓಡಾಡುವ ಹಕ್ಕು ಇದೆ. ಯಾವ ಶ್ರೀಮಂತನೂ ಬೇಲಿ ಹಾಕಿ ತಡೆಯುವಂತಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಮೈಲಿಗಟ್ಟಲೆ ನಡೆದು ಬಂದು ಕಾಫಿ ಕುಡಿಯುವ ಸುಖಕ್ಕೆ ನಾನು ಬೆಲೆ ಕಟ್ಟಲಾರೆ.

ಕೆಲಸ ಕಷ್ಟದ್ದಲ್ಲ. ಬೆಂಕಿಗುಂಡಿಯ ಬೂದಿ ತೆಗೆಯುವುದು, ಬಾಡಿಗೆಗೆ ಕೊಡುವ ಯರ್ಟ್ ಗುಡಾರಗಳನ್ನು ಗುಡಿಸುವುದು, ಸೌದೆ ಮಾರುವುದು, ಬಂದವರಿಗೆ ದಾರಿ ಹೇಳುವುದು. ಸೌದೆಯ ವಿಷಯದಲ್ಲಿ ಮಾತ್ರ ಜನರಿಗೆ ಬಿಡಿಸಿ ಹೇಳಬೇಕಾಗುತ್ತದೆ. ದೂರದ ಊರಿಂದ ತಂದ ಸೌದೆಯ ಜೊತೆ ಮರ ಕೊರೆಯುವ ಹುಳು ಬರುತ್ತವೆ, ಅದಕ್ಕೇ ಇಲ್ಲೇ ಕೊಂಡು ಇಲ್ಲೇ ಉರಿಸಿ ಅಂತ. ಅದನ್ನು ಕೇಳಿ ಮಕ್ಕಳು ಅಪ್ಪ, ಅಮ್ಮನಿಗೆ ಪಾಠ ಹೇಳುವುದನ್ನು ನೋಡಿದಾಗ ಖುಷಿಯಾಗುತ್ತಿತ್ತು.

ತೊಂದರೆ ಇರುವುದು ಬಾಗಿಲಲ್ಲಿ. ಹೋಸ್ಟ್‌ನ ಗಾಡಿಯ ಮುಂದೆ ಬೋರ್ಡ್ ಇರುತ್ತದೆ. ರಾತ್ರಿ ಪಕ್ಕದವರ ಗದ್ದಲ ಅಂತ ಒಬ್ಬರು ಬರುತ್ತಾರೆ, ಶೌಚಾಲಯದಲ್ಲಿ ಪೇಪರ್ ಇಲ್ಲ ಅಂತ ಇನ್ನೊಬ್ಬರು. ನಾವು ಊಟಕ್ಕೆ ಕೂತಿದ್ದರೂ ಬಡಿಯುತ್ತಾರೆ. ಅದು ಅವರ ತಪ್ಪಲ್ಲ, ಅವರಿಗೆ ಬೇರೆ ಯಾರೂ ಕಾಣುವುದಿಲ್ಲ. ನನಗೆ ಜನರ ಜೊತೆ ಮಾತು ಇಷ್ಟ, ಆದ್ದರಿಂದ ಒಗ್ಗಿತು. ನನ್ನ ಯಜಮಾನರಿಗೆ ಬೇಗ ಸಾಕಾಗುತ್ತಿತ್ತು. ಬಿಡುವಿನ ದಿನ ಅವರು ಕಾರು ತೆಗೆದುಕೊಂಡು ಹೊರಟೇಬಿಡುತ್ತಿದ್ದರು. ಇದು ಒಳ್ಳೆಯ ಉಪಾಯ. ಬಿಡುವಿನ ದಿನ ಗಾಡಿಯಲ್ಲೇ ಇದ್ದರೆ ಬಿಡುವು ಸಿಗುವುದಿಲ್ಲ. ಇನ್ನೊಂದು ತಾಪತ್ರಯ ತೇವ. ಹಪ್ಪಳ ಮೆತ್ತಗಾಗುತ್ತದೆ, ಬಟ್ಟೆ ಒಣಗುವುದಿಲ್ಲ. ತೇವ ಹೀರುವ ಮೆಷಿನ್ ಇಲ್ಲದೆ ಅಲ್ಲಿಗೆ ಹೋಗಬೇಡಿ.

ಖಾಸಗಿ ಪಾರ್ಕ್ ಬೇರೆಯೇ ಲೋಕ. ನಾವಿದ್ದ ಟೆಕ್ಸಸ್‌ನ ರಿಯೋ ಗ್ರಾಂಡೆ ಕಣಿವೆಗೆ ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ನಿವೃತ್ತರು ಬರುತ್ತಾರೆ. ಅವರನ್ನು ವಿಂಟರ್ ಟೆಕ್ಸನ್ಸ್ ಅನ್ನುತ್ತಾರೆ. ಹವೆ ಚೆನ್ನಾಗಿರುತ್ತದೆ, ಕಿತ್ತಳೆ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ತೋಟದಿಂದಲೇ ಸಿಗುತ್ತವೆ, ಹಸಿರು ಬಣ್ಣದ ಜೇ ಹಕ್ಕಿಗಳು ಗಾಡಿಯ ಪಕ್ಕಕ್ಕೇ ಬರುತ್ತವೆ. ಜಾಗದ ಬಗ್ಗೆ ನನಗೆ ಯಾವ ದೂರೂ ಇಲ್ಲ.

ದೂರು ಲೆಕ್ಕದ ಬಗ್ಗೆ. ಖಾಸಗಿಯವರು ಮೂರು ರೀತಿಯಲ್ಲಿ ಕರೆಯುತ್ತಾರೆ. ಎಲ್ಲಾ ಗಂಟೆಗೂ ಕೂಲಿ, ಜಾಗ ಬಿಟ್ಟಿ. ಎಲ್ಲಾ ಗಂಟೆಗೂ ಕೂಲಿ, ಜಾಗಕ್ಕೆ ಕಡಿಮೆ ಬಾಡಿಗೆ. ಇಲ್ಲವಾದರೆ ಮೊದಲ ಇಷ್ಟು ಗಂಟೆ ಜಾಗಕ್ಕೆ, ಅದರ ಮೇಲಿನದ್ದಕ್ಕೆ ಕೂಲಿ. ನಮ್ಮದು ಮೂರನೆಯದು, ಮತ್ತು ತುಂಬಾ ಕಡೆ ಇರುವುದೂ ಅದೇ. ಅದನ್ನು ಕಾಗದದ ಮೇಲೆ ಬಿಡಿಸಿ ನೋಡಿ. ಗಂಡ, ಹೆಂಡತಿ ಸೇರಿ ವಾರಕ್ಕೆ 30 ಗಂಟೆ ಜಾಗಕ್ಕಾಗಿ ದುಡಿಯುತ್ತಾರೆ ಅಂದುಕೊಳ್ಳಿ. ತಿಂಗಳಿಗೆ ಸುಮಾರು 130 ಗಂಟೆ. ಆ ಜಾಗದ ತಿಂಗಳ ಬಾಡಿಗೆ 600 ಡಾಲರ್ ಇದ್ದರೆ, ನಿಮ್ಮ ಗಂಟೆಗೆ ಸಿಕ್ಕಿದ್ದು 5 ಡಾಲರ್‌ಗೂ ಕಡಿಮೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕನಿಷ್ಠ ಕೂಲಿಯೇ 2009ರಿಂದ 7.25 ಡಾಲರ್ ಇದೆ. ಕೆಲವರು ಜಾಗದ ಬೆಲೆ ಹೇಳುವಾಗ ದಿನದ ದರ ಹಿಡಿಯುತ್ತಾರೆ. ದಿನಕ್ಕೆ 50 ಡಾಲರ್, ಅಂದರೆ ತಿಂಗಳಿಗೆ 1,500 ಡಾಲರ್‌ನ ಜಾಗ ಕೊಡುತ್ತಿದ್ದೇವೆ ಅಂತ. ತಿಂಗಳುಗಟ್ಟಲೆ ಇರುವವರು ಯಾರೂ ದಿನದ ದರ ಕೊಡುವುದಿಲ್ಲ. ತಿಂಗಳ ದರವನ್ನೇ ಹಿಡಿದು ಭಾಗಿಸಬೇಕು. ಬೇಸಿಗೆಯ ಪಾರ್ಕ್‌ಗಳಲ್ಲಿ ಇನ್ನೊಂದು ತೊಡಕಿದೆ. ವರ್ಷಕ್ಕೆ 7 ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನೆಯ ಜಾಗಗಳಿಗೆ ಫೆಡರಲ್ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ನಿಯಮದಿಂದ ವಿನಾಯಿತಿ ಸಿಗುತ್ತದೆ. ಆ ರಾಜ್ಯದ ಕಾನೂನು ಏನನ್ನುತ್ತದೆ ಅಂತ ಬೇರೆಯಾಗಿ ವಿಚಾರಿಸಬೇಕು.

ಬಾಗಿಲಿನ ವಿಷಯಕ್ಕೆ ಬಂದರೆ ಖಾಸಗಿ ಪಾರ್ಕ್ ಎಲ್ಲಕ್ಕಿಂತ ಕೆಟ್ಟದ್ದು. ಹೋಸ್ಟ್ ಕೆಲಸದಲ್ಲಿ ಬಾಗಿಲು ತಟ್ಟುವವರು ಅತಿಥಿಗಳು. ಅವರು ನಾಳೆ ಹೋಗುತ್ತಾರೆ. ಇಲ್ಲಿ ತಟ್ಟುವವರು ಮಾಲೀಕರು. ಈಜುಕೊಳದ ಪಂಪ್ ನಿಂತಿದೆ, ಹತ್ತು ನಿಮಿಷ ಬರ್ತೀರಾ ಅಂತ. ಆ ಹತ್ತು ನಿಮಿಷಗಳು ಯಾವ ಪುಸ್ತಕದಲ್ಲೂ ಬರೆದಿಲ್ಲ. ಇಲ್ಲ ಅನ್ನೋದು ಕಷ್ಟ, ಯಾಕೆಂದರೆ ನಿಮ್ಮ ಮನೆ ಅವರ ನೆಲದ ಮೇಲೆ ನಿಂತಿದೆ. ಕೆಲಸ ಹೋದರೆ ಜಾಗವೂ ಹೋಗುತ್ತದೆ, ಅದೂ ಒಂದೆರಡು ದಿನದಲ್ಲಿ. ಗಾಡಿಗೆ ಚಕ್ರ ಇದೆ, ಹೊರಟರಾಯ್ತು ಅಂತ ಕೆಲವರು ಹೇಳುತ್ತಾರೆ. ಜನವರಿಯಲ್ಲಿ ಕಣಿವೆಯ ಪಾರ್ಕ್‌ಗಳೆಲ್ಲಾ ತುಂಬಿರುವಾಗ ಎಲ್ಲಿಗೆ ಹೊರಡುವುದು? ನಾವು ಒಪ್ಪಿಕೊಂಡಷ್ಟು ದಿನ ಮುಗಿಸಿಯೇ ಬಂದೆವು. ಮತ್ತೆ ಅಂಥ ಒಪ್ಪಂದಕ್ಕೆ ಹೋಗುವುದಿಲ್ಲ.

ಇನ್ನು ಬೀಟ್ ಕೊಯ್ಲು. ನಾನು ಮಂಡ್ಯ ಕಡೆಯವಳು, ಕಬ್ಬಿನ ಗದ್ದೆ ನೋಡಿ ಬೆಳೆದವಳು. ಅಮೆರಿಕದಲ್ಲಿ ತಯಾರಾಗುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ಗೆಡ್ಡೆಯಿಂದ ಬರುತ್ತದೆ ಅಂತ ತಿಳಿದಾಗಿನಿಂದ ಅದನ್ನು ನೋಡಬೇಕು ಅನ್ನಿಸಿತ್ತು. ರೆಡ್ ರಿವರ್ ಹೊಳೆ ನಾರ್ತ್ ಡಕೋಟಾ ಮತ್ತು ಮಿನೆಸೋಟದ ನಡುವೆ ಉತ್ತರಕ್ಕೆ, ಕೆನಡಾದ ಕಡೆ ಹರಿಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಅಗಾಸಿಜ಼್ ಅನ್ನುವ ಭಾರಿ ಸರೋವರ ಇತ್ತು. ಅದರ ತಳವೇ ಈಗಿನ ಹೊಲ. ಎಷ್ಟು ನೋಡಿದರೂ ಚಪ್ಪಟೆ. ಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆ ಹೊಲದ ಹಾಗೆ ಕಪ್ಪು, ಮಳೆ ಬಿದ್ದರೆ ಬೂಟಿಗೆ ಕೆಜಿಗಟ್ಟಲೆ ಅಂಟುತ್ತದೆ. ಅಲ್ಲಿನ ದೊಡ್ಡ ಸಕ್ಕರೆ ಕಂಪನಿ ಅಮೆರಿಕನ್ ಕ್ರಿಸ್ಟಲ್ ಶುಗರ್ 1973ರಿಂದ ಬೆಳೆಗಾರರದೇ ಸಹಕಾರ ಸಂಘ. ಇದು ನನಗೆ ತುಂಬಾ ಹಿಡಿಸಿದ ಸಂಗತಿ.

ಕಬ್ಬು ಕಡಿದ ಮೇಲೆ ತಡವಾದರೆ ಸಕ್ಕರೆ ಅಂಶ ಇಳಿಯುತ್ತದೆ. ಕಾರ್ಖಾನೆ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಾಗ ರೈತರ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಬೀಟ್‌ಗೆ ಚಳಿಯೇ ಕಾವಲು. ಗೆಡ್ಡೆಗಳನ್ನು ಬಯಲಲ್ಲೇ ಸುಮಾರು 30 ಅಡಿ ಎತ್ತರಕ್ಕೆ ರಾಶಿ ಹಾಕುತ್ತಾರೆ. ಅವು ಚಳಿಗಾಲದಲ್ಲಿ ಅಲ್ಲೇ ಕೆಡದೆ ಇರುತ್ತವೆ, ಕಾರ್ಖಾನೆ ತಿಂಗಳುಗಟ್ಟಲೆ ಅದನ್ನೇ ಅರೆಯುತ್ತದೆ. ಆದರೆ ರಾಶಿಗೆ ಹೋಗುವ ಗೆಡ್ಡೆ ಬೆಚ್ಚಗಿದ್ದರೆ ಕೊಳೆಯುತ್ತದೆ, ಹಿಮ ಹೊಡೆದಿದ್ದರೂ ಕೆಡುತ್ತದೆ. ಆದ್ದರಿಂದ ಅಕ್ಟೋಬರ್ ಮೊದಲ ವಾರ ಪೂರ್ತಿ ಕೊಯ್ಲು ಶುರುವಾದ ಮೇಲೆ ಎಲ್ಲಾ ಹವೆಯ ಕೈಯಲ್ಲಿ. ಬಿಸಿಲು ಜಾಸ್ತಿ ಆದರೆ ನಿಲ್ಲಿಸುತ್ತಾರೆ, ಮಳೆ ಬಂದರೆ ನಿಲ್ಲಿಸುತ್ತಾರೆ. ಹವೆ ಸರಿ ಇದ್ದರೆ ಹಗಲೂ ರಾತ್ರಿ ನಡೆಯುತ್ತದೆ.

ಪಾಳಿ 12 ಗಂಟೆಯದು. ಲಾರಿ ಬಂದು ಪೈಲರ್ ಅನ್ನುವ ದೈತ್ಯ ಮೆಷಿನ್‌ಗೆ ಗೆಡ್ಡೆ ಸುರಿಯುತ್ತದೆ, ಮೆಷಿನ್ ಮಣ್ಣು ಉದುರಿಸಿ ರಾಶಿಗೆ ಎಸೆಯುತ್ತದೆ, ಉದುರಿದ ಮಣ್ಣನ್ನು ಅದೇ ಲಾರಿಗೆ ವಾಪಸ್ ಹಾಕುತ್ತದೆ. ನಮ್ಮ ಕೆಲಸ ಲಾರಿಗೆ ಕೈಸನ್ನೆ ಮಾಡುವುದು, ಚೀಲದಲ್ಲಿ ಸ್ಯಾಂಪಲ್ ಹಿಡಿಯುವುದು, ಬಿದ್ದದ್ದನ್ನು ಸಲಿಕೆಯಲ್ಲಿ ಎತ್ತುವುದು. ಆ ಸ್ಯಾಂಪಲ್ ನೋಡಿಯೇ ರೈತರಿಗೆ ಸಕ್ಕರೆ ಅಂಶದ ಲೆಕ್ಕದಲ್ಲಿ ದುಡ್ಡು ಕೊಡುವುದು. ಹಾಗಾಗಿ ಆ ಚೀಲಕ್ಕೆ ಟಿಕೆಟ್ ಹಾಕುವಾಗ ನಾನು ತುಂಬಾ ಜೋಪಾನ ಮಾಡುತ್ತಿದ್ದೆ. ಅದು ಯಾರದೋ ಒಂದು ವರ್ಷದ ಬೆಳೆ ಅಲ್ವಾ?

ಮೈ ನೋಯುತ್ತದೆ. ಗಾಳಿ ಮುಖಕ್ಕೆ ಹೊಡೆಯುತ್ತದೆ. ಶಬ್ದಕ್ಕೆ ಕಿವಿಗೆ ಬಿರಡೆ ಬೇಕೇ ಬೇಕು. ರಾತ್ರಿ ಪಾಳಿಯವರು ಹಗಲಲ್ಲಿ ತೆಳ್ಳಗಿನ ಗೋಡೆಯ ಗಾಡಿಯಲ್ಲಿ ಮಲಗಬೇಕು. ನೀರಿನ ಪೈಪ್ ಹೆಪ್ಪುಗಟ್ಟದಿರಲು ಬಿಸಿಯಾಗುವ ಪೈಪ್ ಕೊಳ್ಳಬೇಕು. ಮಂಡಿನೋವು, ಉಸಿರಿನ ತೊಂದರೆ ಇದ್ದವರಿಗೆ ಇದು ಬೇಡವೇ ಬೇಡ. ಇಷ್ಟಾದರೂ ಮೂರರಲ್ಲಿ ನನಗೆ ನೆಮ್ಮದಿ ಸಿಕ್ಕಿದ್ದು ಇಲ್ಲಿ. ಗಾಡಿ ನಿಲ್ಲಿಸುವ ಜಾಗ ಗೆಡ್ಡೆ ರಾಶಿ ಹಾಕುವ ಪೈಲಿಂಗ್ ಕೇಂದ್ರದಿಂದ ದೂರ, ಬೇರೆ ಊರಲ್ಲಿ. ಬಾಡಿಗೆ ಅವರೇ ಕೊಡುತ್ತಾರೆ, ಪ್ರತಿ ಗಂಟೆಗೂ ಕೂಲಿ ಬೇರೆ. ಏಳೂ ದಿನ ನಡೆದರೆ ವಾರಕ್ಕೆ 84 ಗಂಟೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಓವರ್‌ಟೈಮ್. ಪಾಳಿ ಮುಗಿಸಿ ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುವುದಿಲ್ಲ. ಕೆಲವೇ ವಾರದಲ್ಲಿ ಮುಗಿಯುತ್ತದೆ. ಕೈಗೆ ಬಂದ ದುಡ್ಡಿನಲ್ಲಿ ಚಳಿಗಾಲದ ಬಹುಪಾಲು ಬಾಡಿಗೆ ಕಳೆಯುತ್ತದೆ. ನೆನಪಿಡಿ, ಮಳೆ ಹಿಡಿದ ವರ್ಷ ಈ ಲೆಕ್ಕ ಹಿಂದುಮುಂದಾಗುತ್ತದೆ. ಕೆಲಸ ನಿಂತರೆ ಗಳಿಕೆಯೂ ನಿಂತ ಹಾಗೆ.

ಅಡುಗೆಯ ಮಾತೂ ಹೇಳಬೇಕು, ಇದನ್ನು ಇಲ್ಲಿನವರು ಯಾರೂ ಹೇಳುವುದಿಲ್ಲ. ಜಾಗದಲ್ಲಿ 30 ಆಂಪ್ ಕರೆಂಟೋ 50 ಆಂಪ್ ಕರೆಂಟೋ ಕೇಳಿಕೊಳ್ಳಿ. 30 ಅಂದರೆ 3,600 ವ್ಯಾಟ್ ಅಷ್ಟೇ. 50ರಲ್ಲಿ ಎರಡು ಲೈನ್ ಬರುವುದರಿಂದ 12,000 ವ್ಯಾಟ್ ಸಿಗುತ್ತದೆ. ಎಸಿ, ಇಂಡಕ್ಷನ್ ಒಲೆ, ಮಿಕ್ಸಿ ಒಟ್ಟಿಗೆ ಓಡಿಸುವವರಿಗೆ 30 ಸಾಲದು. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ನಡೆಯುವುದಿಲ್ಲ, 110-120 ವೋಲ್ಟ್‌ನದೇ ಬೇಕು. ಡಕೋಟಾ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಅಲ್ಲಿಗೆ ರಾಗಿಹಿಟ್ಟೇ ಸರಿ. ಪಾಳಿ ಮುಗಿಸಿ ಬಂದು ಮುದ್ದೆ, ಬಸ್ಸಾರು ಉಂಡರೆ ನಿದ್ದೆ ತಾನಾಗೇ ಬರುತ್ತದೆ.

ತೆರಿಗೆ, ವೈದ್ಯಕೀಯ ವಿಮೆ ಎರಡನ್ನೂ ಹೊರಡುವ ಮೊದಲೇ ಸರಿಮಾಡಿಕೊಳ್ಳಿ. ಕೂಲಿ ಕೆಲಸದಲ್ಲಿ ಸಿಗುವ ಬಿಟ್ಟಿ ಜಾಗ ಕೂಡ ಆದಾಯ ಅಂತ ಲೆಕ್ಕವಾಗಬಹುದು. ಕೆಲಸದ ಸ್ಥಳದಲ್ಲೇ ಇರಬೇಕು, ಮಾಲೀಕರ ಅನುಕೂಲಕ್ಕೆ ಇರಬೇಕು, ಅಲ್ಲಿರುವುದು ಕೆಲಸದ ಷರತ್ತೇ ಆಗಿರಬೇಕು. ಮೂರೂ ಇದ್ದರೆ ತೆರಿಗೆ ಇಲ್ಲ. ವಿಮೆಯಲ್ಲಿ ನಮ್ಮ ಮನೆಯಲ್ಲೇ ಎರಡು ಥರ. ಯಜಮಾನರಿಗೆ 65 ದಾಟಿ ಸರ್ಕಾರದ ಮೂಲ ಮೆಡಿಕೇರ್ ವಿಮೆ ಇದೆ, ಅದು ಎಲ್ಲಾ ರಾಜ್ಯದಲ್ಲೂ ನಡೆಯುತ್ತದೆ. ನನ್ನದು ಒಂದೇ ರಾಜ್ಯಕ್ಕೆ ಸೀಮಿತವಾದ ಪ್ಲಾನ್. ಆ ರಾಜ್ಯದ ಹೊರಗೆ ತುರ್ತು ಚಿಕಿತ್ಸೆ ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ. 65 ಆಗದವರು ಇದೊಂದನ್ನೇ ನೋಡಿ ಯಾವ ರಾಜ್ಯದ ವಿಳಾಸ ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಿದರೂ ಸರಿಯೇ. ಆದಾಯ ತೆರಿಗೆ ಇಲ್ಲ ಅಂತ ಸುಮ್ನೆ ಟೆಕ್ಸಸ್, ಫ್ಲಾರಿಡಾ, ಸೌತ್ ಡಕೋಟಾ ಆರಿಸಿಕೊಂಡರೆ ಸಾಲದು.

ಖಾಸಗಿ ಪಾರ್ಕ್‌ಗೆ ಹೋಗಲೇಬೇಕು ಅನ್ನುವವರು ಎಲ್ಲಾ ಗಂಟೆಗೂ ಕೂಲಿ ಕೊಡುವವರನ್ನೇ ಹುಡುಕಿ. ಗಂಟೆ, ರಜೆ, ಕೆಲಸ ಬಿಟ್ಟರೆ ಜಾಗ ಖಾಲಿ ಮಾಡಲು ಎಷ್ಟು ದಿನ ಕೊಡುತ್ತಾರೆ, ಮೂರನ್ನೂ ಬರೆಸಿಕೊಳ್ಳಿ. ಜನ, ಸಮುದ್ರ, ಕಾಡು ಬೇಕು, ದುಡ್ಡಿನ ಒತ್ತಡ ಇಲ್ಲ ಅನ್ನುವವರಿಗೆ ಕ್ಯಾಂಪ್ ಹೋಸ್ಟ್ ಕೆಲಸಕ್ಕಿಂತ ಒಳ್ಳೆಯದು ಇಲ್ಲ. ಮೈಯಲ್ಲಿ ಶಕ್ತಿ ಇದ್ದು ಒಂದಿಷ್ಟು ಗಂಟು ಕಟ್ಟಬೇಕು ಅನ್ನುವವರು ಬೀಟ್‌ಗೆ ಹೋಗಿ. ನಾವು ಬೇಸಿಗೆಗೆ ಒರೆಗಾನ್, ಸೆಪ್ಟೆಂಬರ್ ಕೊನೆಗೆ ನಾರ್ತ್ ಡಕೋಟಾ ಅಂತ ಗೊತ್ತುಮಾಡಿಕೊಂಡಿದ್ದೇವೆ. ಚಳಿಗಾಲಕ್ಕೆ ಟೆಕ್ಸಸ್‌ಗೇ ಹೋಗುತ್ತೇವೆ, ಬಾಡಿಗೆ ಕೊಟ್ಟುಕೊಂಡು ಇರುತ್ತೇವೆ.