ಗ್ರೇಟ್ ಬ್ರಿಟನ್ ಹಡಗು ನೋಡೋದಾ, ಕ್ವೀನ್ ಮೇರಿಯಾ?

ಹಬೆ ಹಡಗುಗಳ ಇತಿಹಾಸ ಇಷ್ಟ, ನೋಡಲು ಆಗುವುದು ಒಂದನ್ನೇ ಅಂದಿರಿ ಅಲ್ವಾ?

ಎಂಜಿನಿಯರಿಂಗ್ ಕುತೂಹಲ ಜಾಸ್ತಿ ಇದ್ದರೆ ಇಂಗ್ಲೆಂಡಿನ ಬ್ರಿಸ್ಟಲ್‌ನ ಗ್ರೇಟ್ ಬ್ರಿಟನ್. ಎಂಜಿನಿಯರ್ ಬ್ರೂನೆಲ್ ವಿನ್ಯಾಸದ ಈ ಹಡಗು 1843ರಲ್ಲಿ ನೀರಿಗಿಳಿಯಿತು. 1845ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಕಬ್ಬಿಣದ ಹಬೆ ಹಡಗು ಇದೇ. ತಾನು ಹುಟ್ಟಿದ ಡಾಕ್‌ನಲ್ಲೇ, ಅಂದರೆ ಹಡಗು ಕಟ್ಟುವ ಕಟ್ಟೆಯಲ್ಲೇ, ನೀರಿಲ್ಲದ ಜಾಗದಲ್ಲಿ ಈಗ ನಿಂತಿದೆ. ಕೆಳಗಿಳಿದು ತಳವನ್ನು ಹತ್ತಿರದಿಂದ ನೋಡಬಹುದು. ಆ ಹಳೆಯ ಕಬ್ಬಿಣದ ಮುಂದೆ ಮೈ ಜುಂ ಅನ್ನದೆ ಇರದು! ಎಂಜಿನ್ ಮಾತ್ರ ಮೂಲದ್ದಲ್ಲ, ಹೊಸದಾಗಿ ಕಟ್ಟಿದ ಮಾದರಿ.

ಪ್ರಯಾಣಿಕರ ವೈಭವ ಬೇಕಿದ್ದರೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಕ್ವೀನ್ ಮೇರಿ. 1936ರಲ್ಲಿ ಓಡಾಟ ಶುರು, ಉದ್ದ ಸುಮಾರು 310 ಮೀಟರ್. ಬಾಯ್ಲರ್‌ಗಳನ್ನು ತೆಗೆದಿದ್ದಾರೆ, ಒಂದು ಎಂಜಿನ್ ಕೋಣೆ ಉಳಿದಿದೆ. ಹಡಗೇ ಹೋಟೆಲ್ ಆಗಿರುವುದರಿಂದ ರಾತ್ರಿ ತಂಗಲು ಮನಸ್ಸಿದ್ದವರಿಗೆ ಇದೇ ಸರಿ.

ಅರ್ಧ ದಿನವಷ್ಟೇ ಇದ್ದರೆ ಬ್ರಿಸ್ಟಲ್ ಸುಲಭ.